ಕೊಡಗಿನ ಹುಂಡುಕೋಳಿ: ಪದೇ ಪದೇ ಕೇಳುವ ಪ್ರಶ್ನೆಗಳು

ಗದ್ದೆ, ತೋಡು (ಸಣ್ಣ ಹಳ್ಳ), ತೋಟದ ಕೆರೆ. ಕೊಡಗಿನಲ್ಲಿ ಈ ಮೂರರಲ್ಲಿ ಒಂದಾದರೂ ಮನೆ ಹತ್ತಿರ ಇದ್ದರೆ ಹುಂಡುಕೋಳಿಯ ಕೂಗು ಒಂದಲ್ಲ ಒಂದು ದಿನ ಕಿವಿಗೆ ಬಿದ್ದೇ ಬೀಳುತ್ತದೆ. ಆನೆ, ಹುಲಿ, ಮಂಗಟ್ಟೆ ಬಗ್ಗೆ ಮಾತಾಡುವಷ್ಟು ನಾವು ಈ ಹಕ್ಕಿಯ ಬಗ್ಗೆ ಮಾತಾಡುವುದಿಲ್ಲ. ಆದರೆ ಮಳೆ ಹಿಡಿದ ಮೇಲೆ ಹೋಂಸ್ಟೇಗೆ ಬಂದವರು, ಶಾಲೆ ಮಕ್ಕಳು, ಹೊಸದಾಗಿ ತೋಟ ಕೊಂಡವರು ಎಲ್ಲರೂ ಇದರ ಬಗ್ಗೆ ಕೇಳುತ್ತಾರೆ. ಆ ಪ್ರಶ್ನೆಗಳಿಗೆ ನನಗೆ ಗೊತ್ತಿರುವ ಉತ್ತರಗಳು ಇಲ್ಲಿವೆ.

ಹುಂಡುಕೋಳಿಯನ್ನು ಗುರುತಿಸುವುದು ಹೇಗೆ?

ಬಹಳ ಸುಲಭ. ಮುಖ, ಕತ್ತಿನ ಮುಂಭಾಗ ಮತ್ತು ಎದೆ ಅಚ್ಚ ಬಿಳಿ. ನೆತ್ತಿ, ಬೆನ್ನು, ರೆಕ್ಕೆ ಕಪ್ಪಿಗೆ ಹತ್ತಿರದ ಬೂದು. ಬಾಲದ ಕೆಳಗೆ ಇಟ್ಟಿಗೆ ಕೆಂಪು. ಕೊಕ್ಕು ಹಳದಿ ಮಿಶ್ರಿತ ಹಸಿರು, ಅದರ ಬುಡದಲ್ಲಿ ಮೇಲ್ಗಡೆ ಸ್ವಲ್ಪ ಕೆಂಪು. ಕಾಲು ಹಳದಿ ಬಣ್ಣದ್ದು, ಉದ್ದ. ಬೆರಳುಗಳಂತೂ ಮೈಗೆ ಹೋಲಿಸಿದರೆ ತುಂಬಾ ಉದ್ದ. ಕೊಕ್ಕಿನ ತುದಿಯಿಂದ ಬಾಲದ ತುದಿಗೆ ಸುಮಾರು 32 ಸೆಂ.ಮೀ.

ಇನ್ನೊಂದು ವಿಷಯ ಎದುರಿನಿಂದ ನೋಡಿದಾಗ ಮಾತ್ರ ಗೊತ್ತಾಗುತ್ತದೆ. ಪಕ್ಕದಿಂದ ದುಂಡಗೆ ಕಾಣುವ ಮೈ ಎದುರಿನಿಂದ ತೀರಾ ತೆಳು. ಎರಡೂ ಕಡೆಯಿಂದ ಒತ್ತಿದ ಹಾಗಿರುವ ಈ ಮೈಯಿಂದಲೇ ಅದು ಒತ್ತಾದ ಜೊಂಡಿನ ನಡುವೆ ಒಂದು ಎಲೆಯೂ ಅಲುಗದಂತೆ ನುಸುಳಿಬಿಡುತ್ತದೆ.

ಹೆಸರಲ್ಲಿ ಕೋಳಿ ಇದೆ. ನಿಜವಾಗಿ ಕೋಳಿನಾ?

ಅಲ್ಲ. ನಾಮದ ಕೋಳಿ, ಜಂಬುಕೋಳಿಗಳ ಕುಟುಂಬಕ್ಕೆ ಸೇರಿದ್ದು. ಸಾರಸಗಳು ಇವಕ್ಕೆ ದೂರದ ನೆಂಟರು. ನಮ್ಮ ಕಾಡುಕೋಳಿಗೂ ಇದಕ್ಕೂ ಸಂಬಂಧವಿಲ್ಲ. ವೈಜ್ಞಾನಿಕ ಹೆಸರು ಅಮೌರೋರ್ನಿಸ್ ಫೀನಿಕ್ಯೂರಸ್. 1769ರಲ್ಲಿ ಥಾಮಸ್ ಪೆನ್ನಂಟ್ ಎಂಬ ಬ್ರಿಟಿಷ್ ನಿಸರ್ಗ ವಿಜ್ಞಾನಿ ಶ್ರೀಲಂಕಾದ ಹಕ್ಕಿಯ ಆಧಾರದ ಮೇಲೆ ಇದನ್ನು ಮೊದಲು ವಿವರಿಸಿದರು.

ಗಂಡು ಹೆಣ್ಣು ಗೊತ್ತಾಗುತ್ತದಾ?

ನೋಡಿ ಹೇಳುವುದು ಕಷ್ಟ. ಎರಡರ ಬಣ್ಣವೂ ಒಂದೇ. ಗಂಡು ಸ್ವಲ್ಪ ದೊಡ್ಡದು, ಅಷ್ಟೇ.

ಕೊಡಗಿನಲ್ಲಿ ಎಲ್ಲಿ ನೋಡಬಹುದು?

ಇದಕ್ಕಾಗಿ ನಾಗರಹೊಳೆಗೆ ಹೋಗಬೇಕಾಗಿಲ್ಲ. ನಮ್ಮ ಜಿಲ್ಲೆಯ ನೆಲದ ಜೋಡಣೆಯೇ ಇದಕ್ಕೆ ಒಗ್ಗಿದೆ. ಇಳಿಜಾರಿನಲ್ಲಿ ಕಾಫಿ ತೋಟ, ತಗ್ಗಿನಲ್ಲಿ ಗದ್ದೆ, ಗದ್ದೆಯ ನಡುವೆ ತೋಡು. ತೋಟ ಮುಗಿದು ಗದ್ದೆ ಶುರುವಾಗುವ ಜಾಗದಲ್ಲಿ ಯಾವಾಗಲೂ ಒಂದಿಷ್ಟು ಪೊದೆ, ಕೆಸ, ಜರಿಗಿಡ, ಕೇದಿಗೆ, ಬಿದಿರು ಇರುತ್ತದೆ. ಹುಂಡುಕೋಳಿಯ ಮನೆ ಅದೇ. ಪೊನ್ನಂಪೇಟೆ, ಗೋಣಿಕೊಪ್ಪ, ಅಮ್ಮತ್ತಿ, ನಾಪೋಕ್ಲು ಕಡೆ ಇಂತಹ ಜಾಗ ಬೇಕಾದಷ್ಟಿದೆ. ಕುಶಾಲನಗರದ ಬಯಲು ಸೀಮೆ ಬದಿಯ ಕೆರೆಗಳಲ್ಲೂ ಇರುತ್ತದೆ.

ಇದಕ್ಕೆ ಬೇಕಾದದ್ದು ಎರಡೇ: ಕಾಲು ಮುಳುಗುವಷ್ಟು ನೀರು, ಮತ್ತು ನಾಲ್ಕು ಹೆಜ್ಜೆಯಲ್ಲಿ ಓಡಿ ಸೇರಬಹುದಾದ ಪೊದೆ. ಎರಡರಲ್ಲಿ ಒಂದು ಇಲ್ಲದಿದ್ದರೂ ಅಲ್ಲಿ ಇದು ನಿಲ್ಲುವುದಿಲ್ಲ. ಸುತ್ತ ಕಾಂಕ್ರೀಟ್ ಹಾಕಿಸಿದ ಚಂದದ ಕೆರೆಯಲ್ಲಿ ಇದನ್ನು ಹುಡುಕಿದರೆ ಸಿಗದು. ಪಕ್ಕದ ಮನೆಯ ಬಚ್ಚಲು ನೀರು ಹರಿಯುವ ಕೊಳಕು ಚರಂಡಿಯ ಕೆಸದ ಗಿಡದಲ್ಲಿ ಸಿಗುತ್ತದೆ. ಜನರ ಹತ್ತಿರ ಇರಲು ಇದಕ್ಕೆ ಭಯವಿಲ್ಲ. ಅಡಗಲು ಜಾಗ ಇಲ್ಲದಿದ್ದರೆ ಮಾತ್ರ ಭಯ.

ಹಾರಂಗಿ ಜಲಾಶಯ, ಕಾವೇರಿ ಹೊಳೆಯಲ್ಲಿ ಯಾಕೆ ಕಾಣುವುದಿಲ್ಲ?

ನೀರಿನ ನಡುವೆ ಕಾಣುವುದಿಲ್ಲ, ಅಂಚಿನಲ್ಲಿ ಕಾಣುತ್ತದೆ. ಇದು ಬಾತುಕೋಳಿಯಂತೆ ತೇಲುತ್ತಾ ಬದುಕುವ ಹಕ್ಕಿಯಲ್ಲ. ಬೇಕಾದರೆ ಈಜುತ್ತದೆ. ಹೊಟ್ಟೆ ತುಂಬಿಸಿಕೊಳ್ಳುವುದು ಮಾತ್ರ ನಡೆದೇ. ಜಲಾಶಯದಲ್ಲಿ ನೀರು ಏರಿ ಇಳಿಯುತ್ತಾ ಇರುವುದರಿಂದ ದಡ ಬೋಳಾಗಿರುತ್ತದೆ. ಕಾವೇರಿ ದಡದಲ್ಲಿ ಬಿದಿರು, ಪೊದೆ ನೀರಿಗೆ ಬಾಗಿರುವ ನಿಧಾನದ ಮಡುಗಳಲ್ಲಿ, ಸಣ್ಣ ತೋಡುಗಳು ಬಂದು ಸೇರುವ ಬಾಯಿಯಲ್ಲಿ ನೋಡಿ.

ರಾತ್ರಿಯೆಲ್ಲ ಕೆರೆ ಕಡೆಯಿಂದ ಕೂಗುವುದು ಇದೇನಾ? ನಿದ್ದೆ ಬರುವುದಿಲ್ಲ!

ಮಳೆಗಾಲದಲ್ಲಾದರೆ ಬಹುಶಃ ಇದೇ. ಹೊಸದಾಗಿ ಬಂದವರು ಕಪ್ಪೆ ಅಂದುಕೊಳ್ಳುತ್ತಾರೆ, ಕೆಲವರು ಯಾವುದೋ ಪ್ರಾಣಿ ಸಿಕ್ಕಿಹಾಕಿಕೊಂಡು ನರಳುತ್ತಿದೆ ಅಂತ ಟಾರ್ಚ್ ಹಿಡಿದು ಹೋಗುತ್ತಾರೆ. ಮೊದಲು ಗೊರ ಗೊರ, ಕ್ರೋ ಕ್ರೋ ಅಂತ ಗಂಟಲು ಸರಿಮಾಡಿಕೊಂಡಂತೆ ಒರಟು ಸದ್ದು. ಆಮೇಲೆ ಕ್ವಾಕ್-ಕ್ವಾಕ್-ಕ್ವಾಕ್ ಅಂತ ಒಂದೇ ತಾಳದಲ್ಲಿ ಶುರುವಾದರೆ ಹದಿನೈದು ನಿಮಿಷವಾದರೂ ನಿಲ್ಲುವುದಿಲ್ಲ. ಒಂದು ಕೂಗಿದರೆ ಪಕ್ಕದ ಗದ್ದೆಯಿಂದ ಇನ್ನೊಂದು ಉತ್ತರ ಕೊಡುತ್ತದೆ.

ಇದು ಸಂತಾನದ ಕಾಲದ ಕೂಗು. ಜೋಡಿಯನ್ನು ಕರೆಯಲು ಮತ್ತು ಈ ಜಾಗ ನನ್ನದು ಎಂದು ಸಾರಲು. ಮೋಡ ಮುಸುಕಿದ ದಿನ, ಬೆಳಗಿನ ಜಾವ, ಸಂಜೆ ಮತ್ತು ರಾತ್ರಿ ಜಾಸ್ತಿ. ಹಗಲಲ್ಲಿ ನೆಲದ ಮೇಲೆ ಅಡಗಿಕೊಂಡಿರುವ ಹಕ್ಕಿ ಕೂಗಲು ಮಾತ್ರ ಪೊದೆಯ ನೆತ್ತಿಗೋ ಬಿದಿರ ಮೆಳೆಗೋ ಹತ್ತುತ್ತದೆ. ಆಗ ನಿಧಾನವಾಗಿ ಹುಡುಕಿದರೆ ಚೆನ್ನಾಗಿ ಕಾಣುತ್ತದೆ.

ನಿದ್ದೆ ಹಾಳಾಗುತ್ತದೆ ಎಂದು ಕಲ್ಲು ಹೊಡೆದು ಓಡಿಸಬೇಡಿ. ಮಳೆಗಾಲ ಮುಗಿದು ಮರಿಗಳು ದೊಡ್ಡವಾದ ಮೇಲೆ ಅದೇ ಸುಮ್ಮನಾಗುತ್ತದೆ.

ಬೇಸಿಗೆಯಲ್ಲಿ ಎಲ್ಲಿಗೆ ಹೋಗುತ್ತದೆ?

ಎಲ್ಲಿಗೂ ಹೋಗುವುದಿಲ್ಲ, ಇಲ್ಲೇ ಇರುತ್ತದೆ. ಕೂಗುವುದಿಲ್ಲ, ಅದಕ್ಕೇ ನಮಗೆ ಇಲ್ಲ ಅನ್ನಿಸುತ್ತದೆ.

ನಿಜ ಹೇಳಬೇಕೆಂದರೆ ಕಣ್ಣಿಗೆ ಚೆನ್ನಾಗಿ ಬೀಳುವುದು ಬೇಸಿಗೆಯಲ್ಲೇ. ಫೆಬ್ರವರಿ, ಮಾರ್ಚ್‌ನಲ್ಲಿ ಕಾಫಿ ಹೂವಿಗೆ ಸ್ಪ್ರಿಂಕ್ಲರ್ ಹಾಕಿದಾಗ ತೋಟದ ಕೆರೆಯ ನೀರು ದಿನದಿಂದ ದಿನಕ್ಕೆ ಇಳಿಯುತ್ತದೆ. ದಡದಲ್ಲಿ ಹಸಿ ಕೆಸರು ತೆರೆದುಕೊಳ್ಳುತ್ತದೆ. ಅದರಲ್ಲಿ ಹುಳ, ಶಂಖದ ಹುಳ, ಸಣ್ಣ ಮೀನು ಸಿಗುವುದರಿಂದ ಹುಂಡುಕೋಳಿ ಪೊದೆ ಬಿಟ್ಟು ಬಯಲಿಗೆ ಬರುತ್ತದೆ. ಗದ್ದೆ ಒಣಗಿರುವ ಕಾಲದಲ್ಲಿ ಸುತ್ತಮುತ್ತಲಿನ ಹಕ್ಕಿಗಳೆಲ್ಲ ಈ ಒಂದೊಂದು ಕೆರೆಯನ್ನೇ ನಂಬಿರುತ್ತವೆ. ಹಾಗಾಗಿ ಕೆರೆಯನ್ನು ತಳ ಕಾಣುವವರೆಗೆ ಬತ್ತಿಸದೆ ಒಂದು ಮೂಲೆಯಲ್ಲಾದರೂ ನೀರು ಉಳಿಸಿದರೆ ದೊಡ್ಡ ಉಪಕಾರ.

ನಡೆಯುವಾಗ ಬಾಲ ಯಾಕೆ ಕುಣಿಸುತ್ತದೆ?

ಹೆಜ್ಜೆಗೊಂದು ಸಲ ಬಾಲ ಮೇಲೆತ್ತಿ ಜಗ್ಗುತ್ತದೆ, ಕೆಳಗಿನ ಇಟ್ಟಿಗೆ ಕೆಂಪು ಆಗ ಮಿಂಚುತ್ತದೆ. ಈ ಕುಟುಂಬದ ಬೇರೆ ಹಕ್ಕಿಗಳಿಗೂ ಇದೇ ಅಭ್ಯಾಸ. ಹೊಂಚು ಹಾಕುತ್ತಿರುವ ಬೆಕ್ಕಿಗೋ ಮುಂಗುಸಿಗೋ ‘ನಾನು ಎಚ್ಚರವಾಗಿದ್ದೇನೆ, ನಿನ್ನ ಆಟ ನಡೆಯುವುದಿಲ್ಲ’ ಎಂದು ತಿಳಿಸುವ ಸೂಚನೆ ಇದು ಅಂತ ಪಕ್ಷಿತಜ್ಞರು ಹೇಳುತ್ತಾರೆ. ಗಾಬರಿಯಾದಾಗ ಬಾಲದ ಕುಣಿತ ಜೋರಾಗುವುದನ್ನು ನೀವೇ ನೋಡಬಹುದು.

ಏನು ತಿನ್ನುತ್ತದೆ?

ಸಿಕ್ಕಿದ್ದೆಲ್ಲ ಎಂದರೂ ತಪ್ಪಿಲ್ಲ. ಹುಳುಹುಪ್ಪಟೆ, ಎರೆಹುಳ, ಶಂಖದ ಹುಳ, ಸಣ್ಣ ಮೀನು. ಜೊತೆಗೆ ಹುಲ್ಲಿನ ಬೀಜ, ಎಳೆ ಚಿಗುರು, ಉದುರಿದ ಭತ್ತ.

ತಿನ್ನುವ ರೀತಿ ನೋಡಲು ಚಂದ. ಒಂದು ಕಾಲು ಎತ್ತಿ, ಬೆರಳುಗಳನ್ನು ಮಡಚಿ, ಮುಂದಿಟ್ಟು, ಮತ್ತೆ ಬಿಡಿಸುತ್ತದೆ. ಹಾಗಾಗಿ ಕೆಸರಿನಲ್ಲಿ ಕಾಲು ಹೂತುಹೋಗುವುದಿಲ್ಲ, ನೀರ ಮೇಲಿನ ಎಲೆ, ಬಳ್ಳಿಗಳ ಮೇಲೂ ನಡೆಯುತ್ತದೆ. ಎರಡು ಹೆಜ್ಜೆ, ಒಂದು ಕುಕ್ಕು, ತಲೆ ಎತ್ತಿ ಸುತ್ತ ನೋಟ, ಮತ್ತೆ ಎರಡು ಹೆಜ್ಜೆ. ಮೀನು ಸಿಕ್ಕರೆ ಕೆಸರು ಸಮೇತ ನುಂಗುವುದಿಲ್ಲ. ಕೊಕ್ಕಿನಲ್ಲಿ ಹಿಡಿದು ನೀರಿನಲ್ಲಿ ಒಂದೆರಡು ಸಲ ಅದ್ದಿ ತೊಳೆದು, ತಲೆ ಮೇಲೆತ್ತಿ ನುಂಗುತ್ತದೆ. ಇದನ್ನು ಮಕ್ಕಳಿಗೆ ಒಮ್ಮೆ ತೋರಿಸಿ, ಮರೆಯುವುದಿಲ್ಲ.

ಭತ್ತದ ಗದ್ದೆಗೆ ನಷ್ಟ ಮಾಡುತ್ತದಾ?

ರೈತರು ಕೇಳುವ ನ್ಯಾಯವಾದ ಪ್ರಶ್ನೆ. ಕಾಡುಹಂದಿ, ಆನೆಯ ಕಾಟದಲ್ಲಿ ಬೇಸತ್ತವರಿಗೆ ಇನ್ನೊಂದು ಪ್ರಾಣಿಯ ಮೇಲೆ ಪ್ರೀತಿ ಹುಟ್ಟುವುದು ಕಷ್ಟ. ಆದರೆ ಹುಂಡುಕೋಳಿ ಹಿಂಡಾಗಿ ಬರುವ ಹಕ್ಕಿಯಲ್ಲ. ಒಂಟಿಯಾಗಿ, ಇಲ್ಲವೇ ಜೋಡಿಯಾಗಿ ಇರುತ್ತದೆ, ಹೆಚ್ಚೆಂದರೆ ಜೊತೆಗೆ ಮರಿಗಳು. ಕಾಳು ತಿನ್ನುತ್ತದೆ ನಿಜ, ಅದು ಬಹುಮಟ್ಟಿಗೆ ಕೊಯ್ಲಾದ ಮೇಲೆ ಉದುರಿದ್ದು. ಬೆಳೆ ನಿಂತಿರುವಾಗ ಅದು ಗದ್ದೆಯಲ್ಲಿ ಹುಡುಕುವುದು ಹುಳ ಮತ್ತು ಶಂಖದ ಹುಳಗಳನ್ನು. ಅದು ಗದ್ದೆಯಲ್ಲಿ ಓಡಾಡುತ್ತಿದ್ದರೆ ನಿಮ್ಮ ನೀರಿನಲ್ಲಿ ಇನ್ನೂ ಜೀವ ಇದೆ ಅಂತ ಲೆಕ್ಕ.

ಹಾರಲು ಬರುತ್ತದಾ?

ಬರುತ್ತದೆ, ಮನಸ್ಸಿಲ್ಲದ ಮನಸ್ಸಿನಿಂದ. ಅಪಾಯ ಬಂದರೆ ಮೊದಲು ಓಡುತ್ತದೆ. ತೀರಾ ಹತ್ತಿರ ಹೋದರೆ ಮಾತ್ರ ರೆಕ್ಕೆ ಬಡಿದು, ಕಾಲು ಜೋಲುಬಿಟ್ಟುಕೊಂಡು ಮುಂದಿನ ಪೊದೆಯವರೆಗೆ ಹಾರಿ ದೊಪ್ಪನೆ ಬೀಳುತ್ತದೆ. ಇದನ್ನು ನೋಡಿದವರಿಗೆ, ಇದೇ ಜಾತಿಯ ಹಕ್ಕಿ ಲಕ್ಷದ್ವೀಪ, ಮಾಲ್ಡೀವ್ಸ್, ಅಂಡಮಾನ್‌ನಲ್ಲೂ ಇದೆ ಎಂದರೆ ನಂಬಿಕೆ ಬರುವುದಿಲ್ಲ. ಹಿಂದೂ ಮಹಾಸಾಗರದ ಕ್ರಿಸ್‌ಮಸ್ ದ್ವೀಪದವರೆಗೂ ಹಾರಿ ಹೋಗಿ ನೆಲೆಯೂರಿದೆ. ಪಾಕಿಸ್ತಾನದಿಂದ ಚೀನಾ, ಫಿಲಿಪ್ಪೀನ್ಸ್, ಇಂಡೋನೇಷ್ಯಾವರೆಗೆ ಇದರ ಸಂಸಾರ ಹರಡಿದೆ.

ರಾತ್ರಿ ಮಲಗಲು ನೆಲದಿಂದ ಮೇಲೆ, ಪೊದೆ ಅಥವಾ ಸಣ್ಣ ಮರದ ಕೊಂಬೆಗೆ ಹತ್ತುವುದೂ ಉಂಟು.

ಗೂಡು ಎಲ್ಲಿ ಕಟ್ಟುತ್ತದೆ? ಎಷ್ಟು ಮೊಟ್ಟೆ?

ಸಂತಾನದ ಕಾಲ ಮುಖ್ಯವಾಗಿ ಜೂನ್‌ನಿಂದ ಅಕ್ಟೋಬರ್. ಅಂದರೆ ನಮ್ಮಲ್ಲಿ ಉಳುಮೆ, ಸಸಿ ಮಡಿ, ನಾಟಿ ಎಲ್ಲ ನಡೆಯುವ ಕಾಲ. ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಜಡಿಮಳೆಯಲ್ಲಿ ಎಷ್ಟೋ ಗೂಡುಗಳಲ್ಲಿ ಕಾವು ನಡೆಯುತ್ತಿರುತ್ತದೆ. ನೀರಿನ ಹತ್ತಿರವೇ, ಆದರೆ ಒಣ ಜಾಗ ನೋಡಿ ಕಡ್ಡಿ, ಬಳ್ಳಿ, ಜೊಂಡಿನ ಎಲೆ ಸೇರಿಸಿ ತಟ್ಟೆಯಂತಹ ಗೂಡು ಮಾಡುತ್ತದೆ. ನೆಲದ ಮೇಲಿನ ಹುಲ್ಲಿನ ನಡುವೆ ಇರಬಹುದು, ಇಲ್ಲವೇ ಆಳೆತ್ತರದ ಪೊದೆ, ಕೇದಿಗೆ, ಬಿದಿರ ಮೆಳೆಯಲ್ಲಿ ಇರಬಹುದು.

ಸಾಮಾನ್ಯವಾಗಿ 6ರಿಂದ 7 ಮೊಟ್ಟೆ. ಕೆನೆ ಬಣ್ಣ, ಮೇಲೆ ಕೆಂಪು ಕಂದು ಮಚ್ಚೆ. ಗಂಡು ಹೆಣ್ಣು ಎರಡೂ ಸರದಿಯಲ್ಲಿ ಕಾವು ಕೊಡುತ್ತವೆ. ಸುಮಾರು 19 ದಿನಕ್ಕೆ ಮರಿ.

ಹುಂಡುಕೋಳಿ ಹಿಂದೆ ಪೂರ್ತಿ ಕಪ್ಪು ಮರಿಗಳನ್ನು ನೋಡಿದೆ. ಅದರವೇನಾ?

ಅದರವೇ. ಎದೆ ಬಿಳಿ ಆಗುವುದು ಬೆಳೆದ ಮೇಲೆ. ಹುಟ್ಟಿದಾಗ ಮೈಯೆಲ್ಲ ಇದ್ದಿಲ ಹಾಗೆ ಕಪ್ಪು ತುಪ್ಪಳ. ಒಂದೊಂದೇ ತೋಡು ದಾಟುವಾಗ ನೋಡಿದರೆ ಕೈಯಲ್ಲಿ ಎತ್ತಿಕೊಳ್ಳಬೇಕು ಅನ್ನಿಸುತ್ತದೆ, ಆದರೆ ಮುಟ್ಟಬೇಡಿ.

ಮೊಟ್ಟೆಯೊಡೆದ ಸ್ವಲ್ಪ ಹೊತ್ತಿಗೆಲ್ಲ ಇವು ಗೂಡು ಬಿಟ್ಟು ನಡೆಯುತ್ತವೆ. ಅಪ್ಪ ಅಮ್ಮ ಎರಡೂ ಜೊತೆಗಿದ್ದು ತಿನ್ನಿಸುತ್ತವೆ, ರಾತ್ರಿ ರೆಕ್ಕೆಯಡಿ ಸೇರಿಸಿಕೊಳ್ಳುತ್ತವೆ. ದೊಡ್ಡ ಹಕ್ಕಿ ಎಚ್ಚರಿಕೆಯ ಸದ್ದು ಮಾಡಿದರೆ ಮರಿಗಳು ಹುಲ್ಲಿನೊಳಗೆ ಚದುರಿ ಮಿಸುಕಾಡದೆ ಕೂರುತ್ತವೆ. ಕೆಲವೊಮ್ಮೆ ಸತ್ತಂತೆ ಬಿದ್ದುಕೊಳ್ಳುವುದೂ ಉಂಟು. ಹಾಗೆ ಬಿದ್ದ ಮರಿಯನ್ನು ಸತ್ತಿದೆ ಅಂತ ಎತ್ತಿ ಎಸೆದುಬಿಡಬೇಡಿ.

ಇದರ ಶತ್ರುಗಳು ಯಾರು?

ಮುಂಗುಸಿ, ಕಾಡುಬೆಕ್ಕು, ಉಡ, ಕೇರೆ ಹಾವು, ಹದ್ದು, ಕಾಗೆ. ಇವೆಲ್ಲ ಮೊದಲಿಂದ ಇದ್ದವು. ಹುಂಡುಕೋಳಿ ವರ್ಷಕ್ಕೆ ಅಷ್ಟು ಮೊಟ್ಟೆ ಇಡುವುದೇ ಇವಕ್ಕೆಲ್ಲ ಒಂದಿಷ್ಟು ಹೋಗಲಿ ಅಂತ. ಕಟ್ಟಿಹಾಕದ ನಾಯಿಗಳು ಮತ್ತು ಸಂಜೆ ಹೊತ್ತು ವೇಗವಾಗಿ ಬರುವ ವಾಹನಗಳು ಆಮೇಲೆ ಸೇರಿಕೊಂಡವು. ಗದ್ದೆ ಎರಡು ಬದಿಯಲ್ಲಿದ್ದು ನಡುವೆ ರಸ್ತೆ ಹೋಗುವ ಕಡೆ, ಮಳೆಗಾಲದ ಸಂಜೆ ಸ್ವಲ್ಪ ನಿಧಾನ ಹೋಗಿ. ಒಂದು ದೊಡ್ಡ ಹಕ್ಕಿ ದಾಟಿದರೆ ಹಿಂದೆ ಮರಿಗಳು ಬರುತ್ತಿವೆ ಎಂದೇ ತಿಳಿಯಿರಿ.

ಇವು ಅಳಿವಿನಂಚಿನಲ್ಲಿವೆಯಾ?

ಇಲ್ಲ. ಜಾಗತಿಕ ಪಟ್ಟಿಯಲ್ಲಿ ಸದ್ಯಕ್ಕೆ ಆತಂಕವಿಲ್ಲದ ಗುಂಪಿನಲ್ಲೇ ಇದೆ. ಆದರೆ ಪ್ರಪಂಚದಲ್ಲಿ ಬೇಕಾದಷ್ಟಿದೆ ಅಂದರೆ ನಮ್ಮ ತೋಡಿನಲ್ಲಿ ಇರುತ್ತದೆ ಅಂತ ಅಲ್ಲ, ಅಲ್ವಾ?

ಗದ್ದೆಗಳನ್ನು ಪಾಳು ಬಿಡುತ್ತಿದ್ದೇವೆ. ಹಕ್ಕಿಗೆ ಒಳ್ಳೇದೇ ಆಯ್ತಲ್ಲ?

ಮೊದಮೊದಲು ಹೌದು. ನಾಟಿ ನಿಲ್ಲಿಸಿದ ಗದ್ದೆಯಲ್ಲಿ ಜೊಂಡು, ಹುಲ್ಲು ಎದ್ದು ಬರುತ್ತದೆ, ನೀರೂ ಇರುತ್ತದೆ. ಹುಂಡುಕೋಳಿಗೆ ಹಬ್ಬ. ಆದರೆ ಬದು ಕಟ್ಟಿ, ತೋಡಿನಿಂದ ನೀರು ತಿರುಗಿಸುವವರು ಇಲ್ಲದಿದ್ದರೆ ಗದ್ದೆ ನಿಧಾನವಾಗಿ ಒಣಗುತ್ತದೆ. ಲಂಟಾನ ಮುಂತಾದ ಕಳೆ ಮುಚ್ಚಿಕೊಳ್ಳುತ್ತದೆ. ಆಮೇಲೆ ಅಲ್ಲಿ ಪೊದೆ ಇರುತ್ತದೆ, ನೀರಿರುವುದಿಲ್ಲ.

ಅದಕ್ಕಿಂತ ಬೇಗ ಆಗುವ ಬದಲಾವಣೆ ಶುಂಠಿ, ಅಡಿಕೆ ಮತ್ತು ಸೈಟು. ಶುಂಠಿಗೆ ಬುಡದಲ್ಲಿ ನೀರು ನಿಲ್ಲಬಾರದು. ಹಾಗಾಗಿ ಆಳದ ಕಾಲುವೆ ತೆಗೆದು ಗದ್ದೆಯ ನೀರನ್ನು ಬಸಿದುಬಿಡುತ್ತಾರೆ. ಮೇಲಿಂದ ಔಷಧಿ ಹೊಡೆಯುವುದೂ ಜಾಸ್ತಿ. ನಾನು ಶುಂಠಿ ಹಾಕುವವರನ್ನು ದೂರುತ್ತಿಲ್ಲ. ಆಳು ಸಿಗುವುದಿಲ್ಲ, ಭತ್ತದಲ್ಲಿ ಖರ್ಚು ಹುಟ್ಟುವುದಿಲ್ಲ, ಆನೆ ಬಂದರೆ ಒಂದೇ ರಾತ್ರಿಗೆ ಎಲ್ಲ ಮುಗಿಯುತ್ತದೆ. ಸುಗ್ಗಿ ಹಬ್ಬ ಪುತ್ತರಿಗೆ ಕದಿರು ತೆಗೆಯಲು ಬೇರೆಯವರ ಗದ್ದೆಗೆ ಹೋಗುವ ಮನೆಗಳೂ ಇವೆ. ಆದರೂ ಗದ್ದೆ ಅಂದರೆ ಬರೀ ಭತ್ತ ಅಲ್ಲ. ಅದರ ಜೊತೆ ಏಡಿ, ಮೀನು, ಕಪ್ಪೆ, ಬಾವಿಯ ನೀರು, ಹುಂಡುಕೋಳಿ ಎಲ್ಲ ಸೇರಿಕೊಂಡಿದೆ. ಎಲ್ಲ ಗದ್ದೆ ಮಾಡಲಾಗದಿದ್ದರೆ ತೋಡಿನ ಪಕ್ಕದ ಒಂದೆರಡು ಮಡಿಯಲ್ಲಾದರೂ ನೀರು ಕಟ್ಟಿ ಎಂದು ಕೇಳಿಕೊಳ್ಳುತ್ತೇನೆ.

2018ರ ಆಗಸ್ಟ್‌ನಲ್ಲಿ ಮಕ್ಕಂದೂರು ಸುತ್ತ ಬೆಟ್ಟ ಕುಸಿದು ಗದ್ದೆಗಳ ಮೇಲೆ ಮಣ್ಣು, ಮರ ಬಂದು ನಿಂತಿತು. ಹುಂಡುಕೋಳಿ ಗೂಡು ಕಟ್ಟುವ ತಿಂಗಳೇ ಅದು. ಮನುಷ್ಯರ ನಷ್ಟದ ಮುಂದೆ ಹಕ್ಕಿಯ ವಿಷಯ ಮಾತಾಡುವ ಹೊತ್ತು ಆಗ ಅಲ್ಲ, ನಿಜ. ಆದರೆ ನೆಲ ಹೋದರೆ ಅದನ್ನು ನಂಬಿದ್ದ ಎಲ್ಲರೂ ಹೋಗುತ್ತಾರೆ.

ಬೇರೆ ಯಾವ ಹಕ್ಕಿ ಜೊತೆ ಗೊಂದಲವಾಗಬಹುದು?

ಎದೆ ಬಿಳಿ ಇದ್ದರೆ ಗೊಂದಲವೇ ಇಲ್ಲ. ಮೈ ಕಪ್ಪಾಗಿದ್ದು ಹಣೆ ಬಿಳಿ ಇದ್ದರೆ ನಾಮದ ಕೋಳಿ. ದೊಡ್ಡದಾಗಿ, ನೇರಳೆ ಮೈ, ದಪ್ಪ ಕೆಂಪು ಕೊಕ್ಕು ಇದ್ದರೆ ಜಂಬುಕೋಳಿ. ಕಪ್ಪು ಮೈ, ಕೆಂಪು ಹಣೆ, ಪಕ್ಕೆಯಲ್ಲಿ ಬಿಳಿ ಗೀಟು ಇದ್ದರೆ ಅದು ಇನ್ನೊಂದು ಜಾತಿಯ ನೀರುಕೋಳಿ.

ನಮ್ಮ ಕೆರೆ ಹೂಳೆತ್ತಿಸಬೇಕು. ಹಕ್ಕಿಗೆ ತೊಂದರೆಯಾಗದಂತೆ ಮಾಡಬಹುದಾ?

ಖಂಡಿತ ಮಾಡಬಹುದು. ಈ ಪ್ರಶ್ನೆ ಕೇಳುವವರನ್ನು ಕಂಡರೆ ನನಗೆ ತುಂಬಾ ಸಂತೋಷ.

ಮೊದಲನೆಯದು ಸಮಯ. ಜೂನ್‌ನಿಂದ ಅಕ್ಟೋಬರ್‌ವರೆಗೆ ದಡದ ಪೊದೆಗೆ ಕೈ ಹಾಕಬೇಡಿ. ಮಾರ್ಚ್, ಏಪ್ರಿಲ್‌ನಲ್ಲಿ ನೀರು ಇಳಿದಾಗ ಹೂಳು ತೆಗೆಯುವುದು ಕೆಲಸಕ್ಕೂ ಸುಲಭ. ಜೆಸಿಬಿ ಬಂದ ದಿನ ನೀವು ಅಲ್ಲೇ ನಿಲ್ಲಬೇಕು. ಇಲ್ಲದಿದ್ದರೆ ಡ್ರೈವರ್ ಚೊಕ್ಕವಾಗಿ ಇರಲಿ ಅಂತ ಸುತ್ತಲೂ ಬೋಳಿಸಿಬಿಡುತ್ತಾನೆ, ಅವನ ತಪ್ಪೂ ಅಲ್ಲ. ಏರಿಯ ಕಡೆ ಬೇರು ಹೋಗಬಾರದು, ಅದನ್ನು ಸ್ವಚ್ಛ ಮಾಡಿ. ಅದರ ಎದುರಿನ ದಡ, ಅಂದರೆ ತೋಡು ಬಂದು ಸೇರುವ ಬದಿಯನ್ನು ಹಾಗೇ ಬಿಡಿ. ಅಲ್ಲಿ ಜೊಂಡು, ಕೆಸ, ಕೇದಿಗೆ ಇದ್ದರೆ ಮೇಲಿಂದ ಬರುವ ಮಣ್ಣನ್ನೂ ತಡೆಯುತ್ತವೆ, ಕೆರೆ ಬೇಗ ಹೂಳು ತುಂಬುವುದಿಲ್ಲ. ದಡ ನೆಟ್ಟಗೆ ಗೋಡೆಯಂತೆ ಕಡಿಯದೆ ಒಂದು ಕಡೆಯಾದರೂ ಇಳಿಜಾರು ಇರಲಿ. ನಡೆದು ತಿನ್ನುವ ಹಕ್ಕಿಗೆ ಇಳಿಯಲು ಜಾಗ ಬೇಕು, ಮರಿಗಳಿಗೆ ಹತ್ತಿ ಬರಲೂ ಬೇಕು.

ದಡಕ್ಕೆ ಕಳೆನಾಶಕ ಮಾತ್ರ ಬೇಡವೇ ಬೇಡ. ದಾರಿಗೆ ಬೇಕಾದಷ್ಟನ್ನು ಕತ್ತಿಯಲ್ಲೋ ವೀಡ್ ಕಟರ್‌ನಲ್ಲೋ ಕತ್ತರಿಸಿ. ಸ್ಪ್ರೇ ಪಂಪ್ ತೊಳೆದ ನೀರನ್ನು ಕೆರೆಗೆ, ತೋಡಿಗೆ ಬಿಡಬೇಡಿ.

ಇದನ್ನು ಹಿಡಿದು ತಿನ್ನಬಹುದಾ? ಹಿಂದೆ ಎಲ್ಲರೂ ತಿನ್ನುತ್ತಿದ್ದರಲ್ಲ?

ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಹಿಡಿಯುವುದು, ಕೊಲ್ಲುವುದು, ಮೊಟ್ಟೆ ತೆಗೆಯುವುದು ಎಲ್ಲವೂ ಅಪರಾಧ. ಕೊಡಗಿನಲ್ಲಿ ಕೊಡವರಿಗೆ ಮತ್ತು ಜಮ್ಮಾ ಜಮೀನಿನವರಿಗೆ ಕೋವಿ ಇಟ್ಟುಕೊಳ್ಳಲು ಲೈಸೆನ್ಸ್ ವಿನಾಯಿತಿ ಇದೆ, ಬೇಟೆಗೆ ಇಲ್ಲ. ಕೈಲ್ ಪೊಳ್ದ್‌ನಲ್ಲಿ ಕೋವಿಗೆ ಪೂಜೆ ಮಾಡಿ ತೆಂಗಿನಕಾಯಿಗೆ ಗುಂಡು ಹೊಡೆಯುವುದರಲ್ಲೇ ಹಬ್ಬದ ಗತ್ತು ಇದೆ.

ಕೋವಿಗಿಂತ ಕೆಟ್ಟದ್ದು ಉರುಳು. ಹುಂಡುಕೋಳಿ ದಿನವೂ ಒಂದೇ ದಾರಿಯಲ್ಲಿ ಬದು ದಾಟುತ್ತದೆ, ಅದು ಗೊತ್ತಿದ್ದವರು ಅಲ್ಲೇ ಉರುಳು ಇಡುತ್ತಾರೆ. ಸಿಕ್ಕಿಬಿದ್ದ ಹಕ್ಕಿ ಗಂಟೆಗಟ್ಟಲೆ ಒದ್ದಾಡುತ್ತದೆ, ಇಟ್ಟವರು ಬರದಿದ್ದರೆ ಅಲ್ಲೇ ಸಾಯುತ್ತದೆ. ಅತ್ತ ಕಾದಿರುವ ಮರಿಗಳೂ ಉಳಿಯುವುದು ಕಷ್ಟ. ನಿಮ್ಮ ಗದ್ದೆಯಲ್ಲಿ ಉರುಳು ಕಂಡರೆ ತೆಗೆದುಹಾಕಿ, ಕೆಲಸಕ್ಕೆ ಬರುವವರಿಗೂ ಮೊದಲೇ ಸ್ಪಷ್ಟವಾಗಿ ಹೇಳಿ.

ಒಂಟಿ ಮರಿ ಸಿಕ್ಕಿದೆ. ಏನು ಮಾಡಲಿ?

ಮೊದಲು ಅದು ನಿಜವಾಗಿ ಒಂಟಿಯೇ ಅಂತ ನೋಡಿ. ಹೆಚ್ಚಿನ ಸಲ ಅಪ್ಪ ಅಮ್ಮ ಪೊದೆಯೊಳಗೇ ಇದ್ದು, ನೀವು ಯಾವಾಗ ಹೋಗುತ್ತೀರಿ ಎಂದು ಕಾಯುತ್ತಿರುತ್ತವೆ. ನಾಯಿಯನ್ನು ಕಟ್ಟಿಹಾಕಿ, ದೂರ ಹೋಗಿ ನಿಂತು ಕಾಯಿರಿ. ಮರಿ ರಸ್ತೆಯಲ್ಲೋ ಹೊರಬರಲಾಗದ ಗುಂಡಿಯಲ್ಲೋ ಇದ್ದರೆ ಮೆತ್ತಗೆ ಎತ್ತಿ ಹತ್ತಿರದ ಹುಲ್ಲಿನಲ್ಲಿ ಬಿಡಿ. ಮನುಷ್ಯರು ಮುಟ್ಟಿದರೆ ತಾಯಿ ಸೇರಿಸುವುದಿಲ್ಲ ಎಂಬುದು ನಿಜವಲ್ಲ.

ಮನೆಗೆ ತಂದು ಸಾಕುವ ಯೋಚನೆ ಬಿಟ್ಟುಬಿಡಿ. ಹಾಲು, ಅನ್ನ ಕೊಡಬೇಡಿ. ಗಾಯವಾಗಿದ್ದರೆ ತೂತು ಮಾಡಿದ ರಟ್ಟಿನ ಡಬ್ಬದಲ್ಲಿ ಒಣ ಬಟ್ಟೆ ಹಾಸಿ, ಕತ್ತಲೆ ಮತ್ತು ಬೆಚ್ಚಗಿನ ಜಾಗದಲ್ಲಿಟ್ಟು ಹತ್ತಿರದ ಅರಣ್ಯ ಇಲಾಖೆ ಕಚೇರಿಗೆ ಫೋನ್ ಮಾಡಿ. ಸಿಕ್ಕಿದ ಜಾಗ ಯಾವುದೆಂದು ಸರಿಯಾಗಿ ಹೇಳಿ. ಗುಣವಾದರೆ ಅಲ್ಲಿಗೇ ತಂದು ಬಿಡಬೇಕು.